ಲೆಡ್‌ಬೀಟರ್ ಪಾಸಮ್ ಮತ್ತು ಹೆಲ್ಮೆಟೆಡ್ ಹನಿಈಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಸಸ್ತನಿ, ಒಂದು ಹಕ್ಕಿ. ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡುವುದು ಯಾಕೆ?

ಎರಡೂ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಲಾಂಛನಗಳು. 1971ರಲ್ಲಿ ಲೆಡ್‌ಬೀಟರ್ ಪಾಸಮ್ ರಾಜ್ಯಪ್ರಾಣಿಯಾಯಿತು, ಹೆಲ್ಮೆಟೆಡ್ ಹನಿಈಟರ್ ರಾಜ್ಯಪಕ್ಷಿಯಾಯಿತು. ಇಂದು ಎರಡೂ ಆ ದೇಶದ ಕಾನೂನಿನ ಪ್ರಕಾರ ಅಳಿವಿನ ಅಂಚಿನಲ್ಲಿವೆ.

ಹೋಲಿಕೆಗೆ ಇನ್ನೂ ಗಟ್ಟಿಯಾದ ಕಾರಣ ಒಂದು ಜಾಗ. ಮೆಲ್ಬರ್ನ್‌ನಿಂದ ಪೂರ್ವಕ್ಕೆ ಸುಮಾರು 50 ಕಿ.ಮೀ. ದೂರದ ಯೆಲ್ಲಿಂಗ್‌ಬೊ ಎಂಬಲ್ಲಿ ತೊರೆಗಳ ಬದಿಯ ಒಂದು ಜವುಗು ಕಾಡಿದೆ. ಹಗಲು ಹಕ್ಕಿ, ರಾತ್ರಿ ಪಾಸಮ್, ಹೀಗೆ ಎರಡೂ ಒಂದೇ ಮರಗಳನ್ನು ಪಾಳಿಯಲ್ಲಿ ಬಳಸುತ್ತವೆ. ಆ ಮರ ಒಣಗಿದರೆ ಎರಡಕ್ಕೂ ಕಷ್ಟ, ಆದರೆ ಕಷ್ಟದ ಬಗೆ ಬೇರೆ. ಒಂದಕ್ಕೆಂದು ಮಾಡಿದ ಕೆಲಸ ಇನ್ನೊಂದಕ್ಕೆ ಎಲ್ಲಿ ಒದಗುತ್ತದೆ, ಎಲ್ಲಿ ಒದಗುವುದಿಲ್ಲ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಪಾಸಮ್ ಅಂದರೆ ಇಲಿಯೋ, ಅಳಿಲೋ?

ಎರಡೂ ಅಲ್ಲ. ಮೊದಲ ನೋಟಕ್ಕೆ ಅಳಿಲು ಅನ್ನಿಸಬಹುದು, ಆದರೆ ಇದು ಕಾಂಗರೂ ಹಾಗೆ ಹೊಟ್ಟೆಚೀಲದ ಪ್ರಾಣಿ. ಇಲಿ, ಅಳಿಲುಗಳಿಗೂ ಇದಕ್ಕೂ ವಂಶದ ಹತ್ತಿರದ ನಂಟಿಲ್ಲ. ಅಮೆರಿಕದ ಓಪಾಸಮ್‌ಗೂ ಇದಕ್ಕೂ ಹೆಸರಿನ ಹೋಲಿಕೆ ಇದೆ, ಎರಡಕ್ಕೂ ಚೀಲವಿದೆ, ಅಷ್ಟೇ. ಅವು ಬೇರೆ ಬೇರೆ ಕವಲಿನವು.

ಮರದಿಂದ ಮರಕ್ಕೆ ತೇಲಿ ಹೋಗುವ ಶುಗರ್ ಗ್ಲೈಡರ್‌ಗಳು ಇದರ ನೆಂಟರು. ಆದರೆ ಕೈಕಾಲುಗಳ ನಡುವೆ ಅವಕ್ಕಿರುವ ಚರ್ಮದ ಪರದೆ ಇದಕ್ಕಿಲ್ಲ. ಇದು ಹಾರುವುದಿಲ್ಲ, ತೇಲುವುದಿಲ್ಲ. ಕೊಂಬೆಯಿಂದ ಕೊಂಬೆಗೆ ನೆಗೆಯುತ್ತದೆ. ಈ ಒಂದು ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ತನ್ನ ಕುಲದಲ್ಲಿ ಉಳಿದಿರುವುದು ಈ ಒಂದೇ ಪ್ರಭೇದ.

ಹನಿಈಟರ್ ಎಂದರೆ ಸೂರಕ್ಕಿಯೇ?

ಅಲ್ಲ. ಎರಡೂ ಹೂವಿಗೆ ಬರುತ್ತವೆ, ಎರಡಕ್ಕೂ ಬಾಗಿದ ಕೊಕ್ಕು ಇರುತ್ತದೆ, ಹಾಗಾಗಿ ಗೊಂದಲ ಸಹಜ. ಸೂರಕ್ಕಿಗಳು ಆಫ್ರಿಕಾ ಮತ್ತು ಏಷ್ಯಾದಲ್ಲಿ ಹೆಚ್ಚು ಹರಡಿರುವ ಒಂದು ಕುಟುಂಬ. ಹನಿಈಟರ್‌ಗಳು ಆಸ್ಟ್ರೇಲಿಯಾ, ನ್ಯೂಗಿನಿ ಸುತ್ತಮುತ್ತಲಿನ ಬೇರೆಯೇ ಕುಟುಂಬ. ಕಸುಬು ಒಂದೇ ಆದದ್ದರಿಂದ ರೂಪ ಹತ್ತಿರವಾಗಿದೆ. ಹಾಗೆ ನೋಡಿದರೆ ಹೆಲ್ಮೆಟೆಡ್ ಹನಿಈಟರ್‌ಗೆ ಆ ಹೆಸರೇ ಅಷ್ಟಾಗಿ ಒಪ್ಪುವುದಿಲ್ಲ. ಅದರ ಊಟದಲ್ಲಿ ಹೂವಿನ ಮಕರಂದದ ಪಾಲು ಸಣ್ಣದು.

ಗಾತ್ರ ಎಷ್ಟು? ನೋಡಿದರೆ ಗುರುತು ಹಿಡಿಯುವುದು ಹೇಗೆ?

ಪಾಸಮ್‌ನ ಮೈ 15ರಿಂದ 17 ಸೆಂ.ಮೀ., ಬಾಲವೂ ಹೆಚ್ಚುಕಡಿಮೆ ಅಷ್ಟೇ ಉದ್ದ, ತೂಕ 100ರಿಂದ 160 ಗ್ರಾಂ ಆಸುಪಾಸು. ಬೂದುಗಂದು ಮೈ, ಬೆನ್ನಿನ ನಡುವೆ ಉದ್ದಕ್ಕೂ ಕಪ್ಪು ಗೆರೆ, ಹೊಟ್ಟೆ ಮಾಸಲು ಬಿಳಿ. ತಪ್ಪದ ಗುರುತು ಬಾಲ: ಬುಡದಲ್ಲಿ ತೆಳು, ತುದಿಗೆ ಹೋದಂತೆ ದಪ್ಪ, ಗದೆಯ ಹಾಗೆ. ರಾತ್ರಿಯ ಕ್ಯಾಮೆರಾದಲ್ಲಿ ಬಣ್ಣ ಸಿಗುವುದಿಲ್ಲ, ಆಗ ಬಾಲದ ಆಕಾರವನ್ನೂ ಪಕ್ಕೆಯಲ್ಲಿ ಪರದೆಯ ಮಡಿಕೆ ಇದೆಯೋ ಇಲ್ಲವೋ ಎಂಬುದನ್ನೂ ನೋಡಬೇಕು. ಮಡಿಕೆ ಕಂಡರೆ ಅದು ಗ್ಲೈಡರ್.

ಹಕ್ಕಿ ಸುಮಾರು 20 ಸೆಂ.ಮೀ. ಉದ್ದ, 30ರಿಂದ 40 ಗ್ರಾಂ ತೂಕ. ಕಣ್ಣಿನ ಮೇಲೆ ಅಡ್ಡಲಾಗಿ ಕಪ್ಪು ಪಟ್ಟಿ, ಕಿವಿಯ ಬಳಿ ಹಳದಿ ಕುಚ್ಚು, ಹೊಟ್ಟೆ ಹಳದಿ. ಹಣೆಯ ಮೇಲೆ ಚಿನ್ನದ ಬಣ್ಣದ ಗರಿಗಳು ಮುಂದಕ್ಕೆ ನಿಂತು ಸಣ್ಣ ಶಿರಸ್ತ್ರಾಣ ತೊಟ್ಟಂತೆ ಕಾಣುತ್ತವೆ, ಹೆಸರು ಬಂದದ್ದು ಅದರಿಂದ. ಹಳದಿ ಕುಚ್ಚಿನ ಬೇರೆ ಹನಿಈಟರ್‌ಗಳಿಗೆ ಇಷ್ಟು ಎದ್ದು ಕಾಣುವ ಹಣೆಗರಿ ಇರುವುದಿಲ್ಲ.

ಇವುಗಳ ಊಟದಲ್ಲಿ ಹೋಲಿಕೆ ಇದೆಯೇ?

ಬಹಳ ಇದೆ. ಎರಡೂ ಬದುಕುವುದು ಮರದಿಂದ ಸೋರುವ ಸಿಹಿ ಮತ್ತು ಮರದ ಮೇಲಿನ ಹುಳುಗಳ ಮೇಲೆ. ಮರ ಸಕ್ಕರೆ ಕೊಡುತ್ತದೆ, ಪ್ರೋಟೀನು ಕೀಟಗಳಿಂದ ಬರುತ್ತದೆ.

ಪಾಸಮ್‌ನ ಮುಖ್ಯ ಆಹಾರ ವಾಟಲ್ ಮರದ ಅಂಟು. ವಾಟಲ್ ಎಂದರೆ ಜಾಲಿಯ ಬಳಗದ ಮರ. ಪಾಸಮ್ ಕೆಳಹಲ್ಲಿನಿಂದ ತೊಗಟೆಯಲ್ಲಿ ಸಣ್ಣ ಕಚ್ಚು ಮಾಡುತ್ತದೆ. ಗಾಯ ಮುಚ್ಚಲು ಮರ ಅಂಟು ಸುರಿಸುತ್ತದೆ. ಪಾಸಮ್ ಮತ್ತೆ ಬಂದು ನೆಕ್ಕುತ್ತದೆ, ಗಾಯ ಒಣಗಲು ಬಂದರೆ ಮತ್ತೆ ಕೆರೆಯುತ್ತದೆ. ಜೊತೆಗೆ ಸಡಿಲ ತೊಗಟೆಯ ಕೆಳಗಿನ ಮರಮಿಡತೆ, ಜೀರುಂಡೆ, ಜೇಡ.

ಹಕ್ಕಿಯ ಬಟ್ಟಲಲ್ಲಿ ಲರ್ಪ್ ಎಂಬ ವಿಚಿತ್ರ ತಿನಿಸಿದೆ. ನೀಲಗಿರಿ ಎಲೆಯ ರಸ ಹೀರುವ ಒಂದು ಬಗೆಯ ಪುಟ್ಟ ಕೀಟದ ಮರಿ ತನ್ನ ಮೇಲೆ ತಾನೇ ಕಟ್ಟಿಕೊಳ್ಳುವ ಸಿಹಿ ಮುಚ್ಚಳ ಅದು. ಎಲೆಗೆ ಅಂಟಿದ ಅಕ್ಕಿನುಚ್ಚಿನಷ್ಟು ಚಿಕ್ಕದು. ಹಕ್ಕಿ ಅದನ್ನು ಕೊಕ್ಕಿನಿಂದ ಕಿತ್ತು ತಿನ್ನುತ್ತದೆ. ಕೊಂಬೆಯ ಗಾಯಗಳಿಂದ ಒಸರಿ ಒಣಗಿದ ಸಿಹಿರಸ, ತೊಗಟೆಯ ಸಂದಿನ ಹುಳು, ಹೂವಿದ್ದರೆ ಮಕರಂದ ಕೂಡ ಬೇಕು. ಬಳಲಿದ ಮರದಲ್ಲಿ ಸೋರುವ ರಸ ಕಡಿಮೆ, ಹೊಸ ಚಿಗುರು ಕಡಿಮೆ. ಕಾಡು ದೂರಕ್ಕೆ ಹಸಿರಾಗಿ ಕಂಡರೂ ಒಳಗೆ ಬರಗಾಲ ಇರಬಹುದು.

ಮನೆ ಎಲ್ಲಿ ಮಾಡುತ್ತವೆ?

ಇಲ್ಲಿಂದ ದಾರಿ ಎರಡಾಗುತ್ತದೆ.

ಪಾಸಮ್‌ಗೆ ಪೊಟರೆ ಬೇಕು. ದೊಡ್ಡ ಹಳೆಯ ಮರದ ಒಳಗಿನ ಟೊಳ್ಳಿನಲ್ಲಿ ಸೀಳಿದ ತೊಗಟೆಯ ನಾರನ್ನು ತಂದು ಚೆಂಡಿನಂತೆ ಒತ್ತಿ ಗೂಡು ಮಾಡುತ್ತದೆ. ಇಡೀ ಸಂಸಾರ ಅದರೊಳಗೆ ಒತ್ತಿಕೊಂಡು ಮಲಗುತ್ತದೆ. ವಿಕ್ಟೋರಿಯಾದ ಬೆಟ್ಟಗಳಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ. 130 ಗ್ರಾಂ ತೂಕದ ಜೀವಿಗೆ ಆ ಬೆಚ್ಚಗಿನ ಮುದ್ದೆ ಇಲ್ಲದಿದ್ದರೆ ರಾತ್ರಿ ತಿಂದದ್ದೆಲ್ಲ ಮೈ ಕಾಯಿಸುವುದಕ್ಕೇ ಹೋಗುತ್ತದೆ. ಆಸ್ಟ್ರೇಲಿಯಾದಲ್ಲಿ ಮರ ಕೊರೆದು ಪೊಟರೆ ಮಾಡಿಕೊಡುವ ಮರಕುಟಿಗ ಇಲ್ಲ. ಶಿಲೀಂಧ್ರ, ಗೆದ್ದಲು, ಬೆಂಕಿ, ಮುರಿದ ಕೊಂಬೆ ಇವೇ ನಿಧಾನಕ್ಕೆ ಟೊಳ್ಳು ಮಾಡಬೇಕು. ಬೆಟ್ಟದ ಮೌಂಟನ್ ಆಶ್ ನೀಲಗಿರಿಯಲ್ಲಿ ಪಾಸಮ್ ಹಿಡಿಸುವ ಪೊಟರೆ ಮೂಡಲು ಕನಿಷ್ಠ 120 ವರ್ಷ ಬೇಕು, ಅನೇಕ ಸಲ ಇನ್ನೂ ಹೆಚ್ಚು.

ಹಕ್ಕಿಗೆ ಪೊಟರೆಯ ಗೊಡವೆಯೇ ಇಲ್ಲ. ದಟ್ಟ ಪೊದೆಯ ಕವಲಿನಲ್ಲಿ ತೊಗಟೆಯ ಎಳೆ, ಹುಲ್ಲು ಹೆಣೆದು ಜೇಡರಬಲೆಯಿಂದ ಬಿಗಿದು ಬಟ್ಟಲು ಗೂಡು ಕಟ್ಟುತ್ತದೆ. ಅದಕ್ಕೆ ಬೇಕಾದದ್ದು ಕೆಳಗಿನ ಹಸಿರು: ಟೀ ಟ್ರೀ, ಪೇಪರ್‌ಬಾರ್ಕ್ ಪೊದೆಗಳ ಒತ್ತು. ಪೊದೆ ತೆಳುವಾದರೆ ಗೂಡು ಬಯಲಿಗೆ ಬೀಳುತ್ತದೆ, ಮೊಟ್ಟೆ ಕದಿಯುವ ಹಕ್ಕಿಗಳ ಕಣ್ಣಿಗೆ ಸುಲಭ.

ಸಂಸಾರ, ಮರಿಗಳ ವಿಷಯ?

ಪಾಸಮ್‌ಗಳಲ್ಲಿ ಹೆಣ್ಣಿನದೇ ದರ್ಬಾರು. ಒಂದು ಗುಂಪಿನಲ್ಲಿ 12ರವರೆಗೂ ಇರಬಹುದು, ಆದರೆ ಮರಿ ಹಾಕುವುದು ಒಂದೇ ಜೋಡಿ. 1ರಿಂದ 3 ಹೆಕ್ಟೇರ್ ಜಾಗವನ್ನು ಹೆಣ್ಣು ಜಗಳ ಮಾಡಿ ಕಾಯುತ್ತದೆ, ಬೆಳೆದ ಹೆಣ್ಣುಮಕ್ಕಳನ್ನು ಗಂಡುಮಕ್ಕಳಿಗಿಂತ ಮೊದಲೇ ಓಡಿಸುತ್ತದೆ. ಹೊರಬಿದ್ದ ಎಳೆ ಹೆಣ್ಣುಗಳು ಹೊಸ ಜಾಗ ಸಿಗದೆ ಸಾಯುವುದು ಹೆಚ್ಚು. ಕಾಡು ತುಂಡಾದಷ್ಟೂ ಈ ಪೆಟ್ಟು ಜೋರು. ಒಂದು ಸಲಕ್ಕೆ ಒಂದೋ ಎರಡೋ ಮರಿ, ಚೀಲದೊಳಗೆ ಮೂರು ತಿಂಗಳ ಹತ್ತಿರ.

ಹಕ್ಕಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಟ್ಟು ಎರಡು ವಾರ ಕಾವು ಕೊಡುತ್ತದೆ, ಮರಿಗಳು ಗೂಡು ಬಿಡಲು ಇನ್ನೆರಡು ವಾರ. ಒಂದು ಗೂಡು ಕೆಟ್ಟರೆ ಅದೇ ಋತುವಿನಲ್ಲಿ ಮತ್ತೆ ಕಟ್ಟುತ್ತದೆ. ಸಂರಕ್ಷಣೆಯ ಲೆಕ್ಕದಲ್ಲಿ ಹಕ್ಕಿಯ ದೊಡ್ಡ ಬಂಡವಾಳ ಇದೇ: ಜಾಗ ಸರಿಹೋದರೆ ಬೇಗ ಚೇತರಿಸಿಕೊಳ್ಳಬಲ್ಲದು.

ಜಾಗತಿಕ ಕೆಂಪು ಪಟ್ಟಿಯಲ್ಲಿ ಈ ಹಕ್ಕಿಯ ಹೆಸರೇ ಸಿಗುವುದಿಲ್ಲವಲ್ಲ?

ಸಿಗುವುದಿಲ್ಲ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್, ಜೀವಿಗಳ ಅಳಿವಿನ ಅಪಾಯ ತೋರಿಸುವ ತನ್ನ ಕೆಂಪು ಪಟ್ಟಿಯಲ್ಲಿ ಹಕ್ಕಿಗಳನ್ನು ಪ್ರಭೇದದ ಮಟ್ಟದಲ್ಲಿ ಅಳೆಯುತ್ತದೆ. ಹೆಲ್ಮೆಟೆಡ್ ಎಂಬುದು ಯೆಲ್ಲೊ-ಟಫ್ಟೆಡ್ ಹನಿಈಟರ್‌ನ ಒಂದು ಉಪಪ್ರಭೇದ. ಇಡೀ ಪ್ರಭೇದ ಪೂರ್ವ ಆಸ್ಟ್ರೇಲಿಯಾದಲ್ಲಿ ಚೆನ್ನಾಗಿಯೇ ಇರುವುದರಿಂದ ಅದಕ್ಕೆ ‘ಕಳವಳ ಕಡಿಮೆ’ ಎಂಬ ಗುರುತು. ಆಸ್ಟ್ರೇಲಿಯಾದ ಕಾನೂನು ಉಪಪ್ರಭೇದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಅಲ್ಲಿ ಇದು ತೀವ್ರ ಅಪಾಯದ ಪಟ್ಟಿಯಲ್ಲಿದೆ. ಪಾಸಮ್ ಎರಡೂ ಕಡೆ ತೀವ್ರ ಅಪಾಯದ್ದೇ. ರಾಷ್ಟ್ರೀಯ ಪಟ್ಟಿಯಲ್ಲಿ ಆ ದರ್ಜೆ ಬಂದದ್ದು 2015ರಲ್ಲಿ.

ಎಷ್ಟು ಉಳಿದಿವೆ?

ಹಕ್ಕಿಯ ಲೆಕ್ಕ ನಂಬುವಂಥದ್ದು, ಏಕೆಂದರೆ ಕಾಲಿಗೆ ಬಣ್ಣದ ಉಂಗುರ ತೊಡಿಸಿ ಒಂದೊಂದನ್ನೂ ಗುರುತಿಸುತ್ತಾರೆ. 1989ರ ಹೊತ್ತಿಗೆ ಸುಮಾರು 50 ಹಕ್ಕಿಗಳಿಗೆ ಇಳಿದಿತ್ತು. ಆ ವರ್ಷವೇ ಹೀಲ್ಸ್‌ವಿಲ್ ಸ್ಯಾಂಕ್ಚುಅರಿ ಎಂಬ ಮೃಗಾಲಯದಲ್ಲಿ ಸಾಕಿ ಮರಿ ಮಾಡಿಸುವ ಕೆಲಸ ಶುರುವಾಯಿತು. 2020ರ ದಶಕದ ಆರಂಭಕ್ಕೆ ಕಾಡಿನ ಸಂಖ್ಯೆ ಸುಮಾರು 250ಕ್ಕೆ ಬಂತು.

ಪಾಸಮ್‌ನ ಒಟ್ಟು ಸಂಖ್ಯೆಯ ಬಗ್ಗೆ ತಜ್ಞರಲ್ಲೇ ಜಗಳವಿದೆ. 2014ರ ನಂತರ ಮರದ ಮೇಲೆ ಕ್ಯಾಮೆರಾ ಇಟ್ಟು ಹುಡುಕಿದಾಗ ನೂರಾರು ಹೊಸ ಗುಂಪುಗಳು ಸಿಕ್ಕವು, ಅದನ್ನೇ ಹಿಡಿದು ‘ಪ್ರಾಣಿ ಹೆಚ್ಚಾಗಿದೆ’ ಎಂದವರಿದ್ದಾರೆ. ಹುಡುಕಾಟ ಹೆಚ್ಚಿದರೆ ಸಿಗುವುದೂ ಹೆಚ್ಚುತ್ತದೆ. ಅಳಿವಿನ ಲೆಕ್ಕಕ್ಕೆ ಬೇಕಾದದ್ದು ಅದೇ ಜಾಗದಲ್ಲಿ ಹತ್ತು ವರ್ಷದ ಹಿಂದೆ ಎಷ್ಟಿದ್ದವು, ಈಗ ಎಷ್ಟಿವೆ ಎಂಬುದು. 2024ರಲ್ಲಿ ನ್ಯೂ ಸೌತ್ ವೇಲ್ಸ್‌ನ ಕೊಸಿಯಸ್ಕೊ ರಾಷ್ಟ್ರೀಯ ಉದ್ಯಾನದ ಕ್ಯಾಮೆರಾದಲ್ಲೂ ಒಂದು ಪಾಸಮ್ ಸೆರೆಯಾಯಿತು. ಅದು ನಿಜಕ್ಕೂ ಖುಷಿಯ ಸುದ್ದಿ, ಆದರೆ ಯೆಲ್ಲಿಂಗ್‌ಬೊದ ಕುಗ್ಗುತ್ತಿರುವ ಗುಂಪಿಗೆ ಅದರಿಂದ ಏನೂ ಆಗುವುದಿಲ್ಲ.

ಈ ಪಾಸಮ್ ಒಮ್ಮೆ ಅಳಿದೇಹೋಗಿತ್ತು ಎನ್ನುತ್ತಾರೆ, ನಿಜವೇ?

ಹಾಗೆ ಎಣಿಸಿದ್ದರು. 1867ರಲ್ಲಿ ಫ್ರೆಡರಿಕ್ ಮೆಕಾಯ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಹೆಸರು ಮ್ಯೂಸಿಯಮ್ಮಿನಲ್ಲಿ ಸತ್ತ ಪ್ರಾಣಿಗಳಿಗೆ ರೂಪ ತುಂಬುತ್ತಿದ್ದ ಜಾನ್ ಲೆಡ್‌ಬೀಟರ್‌ನದು. ಬೆರಳೆಣಿಕೆಯ ಮಾದರಿಗಳು ಸಿಕ್ಕಿ, 1909ರ ನಂತರ ಅದೂ ನಿಂತಿತು. 1961ರ ಏಪ್ರಿಲ್ 3ರಂದು ಮೇರಿಸ್‌ವಿಲ್ ಬಳಿಯ ಕಾಡಿನಲ್ಲಿ ಎರಿಕ್ ವಿಲ್ಕಿನ್ಸನ್ ಅವರಿಗೆ ಮತ್ತೆ ಕಂಡಿತು.

ಕಾಳ್ಗಿಚ್ಚು ಎರಡಕ್ಕೂ ಒಂದೇ ಬಗೆಯ ಶತ್ರುವೇ?

ಪಾಸಮ್‌ನ ಮಟ್ಟಿಗೆ ಬೆಂಕಿ ಎರಡು ಬಾಯಿಯ ಕತ್ತಿ. 1939ರ ಜನವರಿಯ ಭಾರಿ ಬೆಂಕಿಯಲ್ಲಿ ಮೌಂಟನ್ ಆಶ್ ಕಾಡು ಸತ್ತಿತು, ಆದರೆ ದೈತ್ಯ ಮರಗಳ ಒಣ ಬೊಡ್ಡೆಗಳು ಪೊಟರೆ ಸಮೇತ ನಿಂತೇ ಇದ್ದವು. ಅವುಗಳ ಬುಡದಲ್ಲಿ ವಾಟಲ್ ಎದ್ದು ಬೆಳೆಯಿತು. ಮನೆಯೂ ಊಟವೂ ಒಂದೇ ಕಡೆ ಸಿಕ್ಕಿ, 1961ರ ಹೊತ್ತಿಗೆ ಪಾಸಮ್ ಕಣ್ಣಿಗೆ ಬೀಳುವಷ್ಟಾಗಿತ್ತು. ಈಗ ಆ ಬೊಡ್ಡೆಗಳು ಒಂದೊಂದಾಗಿ ಕುಸಿಯುತ್ತಿವೆ. 1939ರ ನಂತರ ಹುಟ್ಟಿದ ಮರ 120 ವರ್ಷ ತುಂಬಿಸುವುದು 2059ಕ್ಕೆ. ನಡುವಿನ ಈ ಪೊಟರೆಗಳ ಬರ ದಾಟುವುದೇ ಕಷ್ಟ. 2009ರ ಫೆಬ್ರವರಿ 7ರ ಬೆಂಕಿ ಪಾಸಮ್‌ಗೆಂದು ಮೀಸಲಿಟ್ಟ ಕಾಡಿನ ಶೇ. 45ರಷ್ಟನ್ನು ಸುಟ್ಟಿತು, ಅಲ್ಲಿ ಗಡಿಯಾರ ಮತ್ತೆ ಸೊನ್ನೆಯಿಂದ ಶುರು.

ಹಕ್ಕಿಗೆ ಬೆಂಕಿಯ ಭಯ ಸರಳ: ಎಲ್ಲವೂ ಹೆಚ್ಚುಕಡಿಮೆ ಒಂದೇ ಕಾಡಿನಲ್ಲಿವೆ. ಗಾಳಿ ತಪ್ಪು ದಿಕ್ಕಿಗೆ ತಿರುಗಿದ ಒಂದು ಮಧ್ಯಾಹ್ನ ಸಾಕು. ಬನ್ಯಿಪ್ ಸ್ಟೇಟ್ ಪಾರ್ಕ್‌ನಂಥ ಬೇರೆ ಕಡೆಗೂ ಹಕ್ಕಿಗಳನ್ನು ಬಿಟ್ಟದ್ದು ಇದಕ್ಕೇ.

ಯೆಲ್ಲಿಂಗ್‌ಬೊದ ಮರಗಳು ಒಣಗುತ್ತಿರುವುದು ಯಾಕೆ? ನೀರು ಕಡಿಮೆಯಾಗಿಯೇ?

ಕೆಲವು ಕಡೆ ಕಡಿಮೆಯಾಗಿ, ಕೆಲವು ಕಡೆ ಹೆಚ್ಚಾಗಿ. ಅಲ್ಲಿನ ಮುಖ್ಯ ಮರ ಮೌಂಟನ್ ಸ್ವಾಂಪ್ ಗಮ್ ಎಂಬ ಜವುಗಿನ ನೀಲಗಿರಿ. ಇದಕ್ಕೆ ನೆರೆ ಬರಬೇಕು, ಇಳಿಯಲೂ ಬೇಕು. ಹಿಂದೆ ತೊರೆ ಉಕ್ಕಿ ನೀರು ತೆಳ್ಳಗೆ ಹರಡಿ, ಬೇಸಿಗೆಗೆ ಮಣ್ಣು ಉಸಿರಾಡುತ್ತಿತ್ತು. ಸುತ್ತ ಕೃಷಿಗೆ ಕಾಡು ಕಡಿದು, ಕಾಲುವೆ ತೋಡಿ, ದಂಡೆ ಕಟ್ಟಿದ ಮೇಲೆ ಈ ಲಯ ಕೆಟ್ಟಿತು. ಮೇಲಿನಿಂದ ಕೊಚ್ಚಿ ಬಂದ ಹೂಳು ಹಳೆಯ ಹರಿವಿನ ದಾರಿಗಳನ್ನು ತುಂಬಿತು. ಒಂದು ಕಡೆ ನೀರು ವರ್ಷವಿಡೀ ನಿಂತು ಬೇರಿಗೆ ಆಮ್ಲಜನಕ ಸಿಗದೆ ಮರ ತುದಿಯಿಂದ ಒಣಗುತ್ತದೆ. ಇನ್ನೊಂದು ಕಡೆ ನೀರೇ ತಲುಪುವುದಿಲ್ಲ.

ಎಳೆ ಸಸಿಯ ವಿಷಯ ಇನ್ನೂ ಸೂಕ್ಷ್ಮ. ಬೀಜ ಮೊಳೆಯಲು ಹಸಿ ಮಣ್ಣು ಬೇಕು, ಮೊಳೆತ ಮೇಲೆ ತುದಿ ನೀರಿನ ಮೇಲಿರಬೇಕು. ನಿಂತ ನೀರಿನಲ್ಲಿ ಹೊಸ ಮರ ಹುಟ್ಟುವುದಿಲ್ಲ. ಹಾಗಾಗಿ ಅಲ್ಲಿನ ಕೆಲಸ ಬರೀ ಗಿಡ ನೆಡುವುದಲ್ಲ; ದಂಡೆಗಳನ್ನು ಅಲ್ಲಲ್ಲಿ ಒಡೆದು ನೀರು ಬಂದು ಹೋಗುವ ದಾರಿ ಬಿಡಿಸುವುದು. ಎರಡು ಜೀವಿಗಳಿಗೂ ಒಟ್ಟಿಗೆ ಲಾಭವಾಗುವ ದೊಡ್ಡ ಕೆಲಸ ಇದೇ.

ಗೂಡುಪೆಟ್ಟಿಗೆ ಕಟ್ಟಿದರೆ ಸಾಲದೇ?

ಹಕ್ಕಿಗೆ ಒಂದು ಪೆಟ್ಟಿಗೆಯೂ ಬೇಡ. ಪಾಸಮ್‌ಗೆ ಯೆಲ್ಲಿಂಗ್‌ಬೊದಲ್ಲಿ ಪೆಟ್ಟಿಗೆಗಳೇ ಆಸರೆ, ಏಕೆಂದರೆ ಅಲ್ಲಿ ಪೊಟರೆಯಿರುವ ಮರ ಬಹಳ ಕಡಿಮೆ. ಆದರೆ ಎತ್ತರದ ಮೌಂಟನ್ ಆಶ್ ಕಾಡಿನಲ್ಲಿ ಅಷ್ಟಾಗಿ ಫಲ ಸಿಕ್ಕಿಲ್ಲ. ಕೆಡುವುದು ಹೀಗೆ: ಮರ ದಪ್ಪವಾಗುತ್ತಾ ಕಟ್ಟಿದ ತಂತಿಯನ್ನೋ ಮೊಳೆಯನ್ನೋ ನೂಕುತ್ತದೆ, ಪೆಟ್ಟಿಗೆ ಬೀಳುತ್ತದೆ. ತೇವಕ್ಕೆ ಹಲಗೆ ಕೊಳೆಯುತ್ತದೆ. ಖಾಲಿ ಪೆಟ್ಟಿಗೆಗೆ ಜೇನುನೊಣ ಸೇರಿಕೊಳ್ಳುತ್ತದೆ. ತೆಳು ಹಲಗೆ ಚಳಿ ತಡೆಯುವುದಿಲ್ಲ, ಬೇಸಿಗೆಯ ಬಿಸಿಲಿಗೆ ಒಲೆಯಂತಾಗುತ್ತದೆ. ಹೀಗಾಗಿ ಪೆಟ್ಟಿಗೆ ಕಟ್ಟುವ ಖರ್ಚಿನ ಜೊತೆಗೆ ವರ್ಷವರ್ಷವೂ ಹತ್ತಿ ನೋಡುವ ಖರ್ಚನ್ನೂ ಮೊದಲೇ ಬರೆದುಕೊಳ್ಳಬೇಕು. ಜೀವಂತ ಮರದ ಕಾಂಡದಲ್ಲೇ ಚೈನ್‌ಸಾದಿಂದ ಟೊಳ್ಳು ಕೊರೆದು ಮುಂದೆ ಮುಚ್ಚುಹಲಗೆ ಕೂರಿಸುವ ವಿಧಾನವೂ ಇದೆ. ದಪ್ಪ ಗೋಡೆಯಿಂದಾಗಿ ಒಳಗಿನ ಉಷ್ಣತೆ ಅಷ್ಟು ಏರಿಳಿಯುವುದಿಲ್ಲ.

ಮೊದಲು ನೆನಪಿಡಲು ಹೇಳಿದ ವಿಷಯ ಇಲ್ಲಿ ಬರುತ್ತದೆ: ಪಾಸಮ್ ತೇಲಲಾರದು. ಪೆಟ್ಟಿಗೆ ಕಟ್ಟಿದ ಮರದಿಂದ ಊಟದ ಮರದವರೆಗೆ ನಡುಎತ್ತರದ ಕೊಂಬೆಗಳು ಒಂದಕ್ಕೊಂದು ತಾಕುವಂತಿರಬೇಕು. ಒಂಟಿ ಮರಕ್ಕೆ ಕಟ್ಟಿದ ಪೆಟ್ಟಿಗೆ ಎಷ್ಟು ಚೆನ್ನಾಗಿದ್ದರೂ ವ್ಯರ್ಥ.

ಬೆಲ್ ಮೈನರ್ ಎಂಬ ಹಕ್ಕಿಯನ್ನು ಯಾಕೆ ದೂರುತ್ತಾರೆ?

ಗಂಟೆ ಬಾರಿಸಿದಂತೆ ಇಂಪಾಗಿ ಕೂಗುವ, ಗುಂಪು ಕಟ್ಟಿ ಜಗಳವಾಡುವ ಹಕ್ಕಿ ಅದು. ಅದೂ ಲರ್ಪ್ ತಿನ್ನುವುದೇ. ತನ್ನ ಜಾಗಕ್ಕೆ ಬೇರೆ ಸಣ್ಣ ಹಕ್ಕಿಗಳನ್ನು ಬಿಟ್ಟುಕೊಳ್ಳುವುದಿಲ್ಲ, ಹೆಲ್ಮೆಟೆಡ್ ಹನಿಈಟರ್‌ಗಳನ್ನೂ ಓಡಿಸುತ್ತದೆ. ಹೀಗಾಗಿ ಯೆಲ್ಲಿಂಗ್‌ಬೊದಲ್ಲಿ ಅವನ್ನು ತೆಗೆದುಹಾಕಿದ್ದೂ ಉಂಟು. ಪಾಸಮ್ ರಾತ್ರಿಯದಾದ್ದರಿಂದ ಅದಕ್ಕೆ ಈ ಕಾಟ ನೇರವಾಗಿ ತಟ್ಟುವುದಿಲ್ಲ.

ಒಳತಳಿಯ ಸಮಸ್ಯೆ ಎಂದರೇನು? ಬೇರೆ ಕಡೆಯವನ್ನು ತಂದು ಕೂಡಿಸುವುದು ಸರಿಯೇ?

ಒಳತಳಿ ಎಂದರೆ ಹತ್ತಿರದ ನೆಂಟರ ನಡುವೆಯೇ ಮರಿಯಾಗುವುದು. 50 ಹಕ್ಕಿಗಳಿಂದ ಬೆಳೆದ ಬಳಗದಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ಕಾಲುಂಗುರದ ದಾಖಲೆ ಮತ್ತು ಡಿಎನ್‌ಎ ಎರಡನ್ನೂ ಸೇರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅತಿ ಹೆಚ್ಚು ಒಳತಳಿಯ ಹಕ್ಕಿಗಳು ಅತಿ ಕಡಿಮೆ ಒಳತಳಿಯವಕ್ಕಿಂತ ಜೀವಮಾನದಲ್ಲಿ ಸುಮಾರು ಹತ್ತು ಪಟ್ಟು ಕಡಿಮೆ ಮರಿ ಮಾಡಿದ್ದು ಕಂಡುಬಂತು. ಹಾಗಾಗಿ ಪಕ್ಕದ ಗಿಪ್ಸ್‌ಲ್ಯಾಂಡ್ ಉಪಪ್ರಭೇದದ ಹಕ್ಕಿಗಳೊಡನೆ ಕೂಡಿಸುವ ಕೆಲಸ ನಡೆದಿದೆ. ‘ಹಾಗಾದರೆ ಅದು ಹೆಲ್ಮೆಟೆಡ್ ಆಗಿ ಉಳಿಯುತ್ತದೆಯೇ’ ಎಂಬ ಆಕ್ಷೇಪ ಬರುತ್ತದೆ. ಶುದ್ಧವಾಗಿ ಅಳಿಯುವುದಕ್ಕಿಂತ ಸ್ವಲ್ಪ ಬೆರೆತು ಉಳಿಯುವುದು ಮೇಲು ಎಂಬುದೇ ಸರಿಯಾದ ಉತ್ತರ. ಬೆರಕೆಯ ಪ್ರಮಾಣವನ್ನು ಲೆಕ್ಕವಿಟ್ಟು ಮಾಡಿದರೆ ಹಣೆಗರಿ ಎಲ್ಲಿಗೂ ಹೋಗುವುದಿಲ್ಲ.

ಪಾಸಮ್‌ನಲ್ಲೂ ಇದೇ ಕಥೆ. ಯೆಲ್ಲಿಂಗ್‌ಬೊದ ತಗ್ಗಿನ ಗುಂಪು 1986ರಲ್ಲಿ ಪತ್ತೆಯಾಯಿತು, ಬೆಟ್ಟದವುಗಳಿಗಿಂತ ಅದರ ತಳಿ ಸ್ಪಷ್ಟವಾಗಿ ಬೇರೆ. 2012ರಲ್ಲಿ ಹೀಲ್ಸ್‌ವಿಲ್‌ನಲ್ಲಿ ಸಾಕಲು ತೊಡಗಿದರು, ಆದರೆ ಹಕ್ಕಿಯಷ್ಟು ಸಲೀಸಾಗಿ ಮರಿಗಳಾಗಲಿಲ್ಲ. ಬೆಟ್ಟದ ಪಾಸಮ್ ಜೊತೆ ಕೂಡಿಸುವ ಮಾತು ಬಂದದ್ದು ಆ ನಂತರ. ಇನ್ನೂ ಮೊದಲೇ ಮಾಡಬೇಕಿತ್ತು.

ಪಾಸಮ್ ಇದೆಯೋ ಇಲ್ಲವೋ ಎಂದು ಪತ್ತೆ ಮಾಡುವುದು ಹೇಗೆ?

ಹಳೆಯ ವಿಧಾನ ಒಣಮರ ಕಾಯುವುದು. ಪೊಟರೆಯಿರುವ ಒಂದೊಂದು ಮರಕ್ಕೂ ಒಬ್ಬೊಬ್ಬರು, ಸೂರ್ಯ ಮುಳುಗುವ ಮೊದಲೇ ಬುಡದಿಂದ ಸ್ವಲ್ಪ ದೂರ ಕೂತು, ಆಕಾಶದ ಬೆಳಕಿಗೆ ಎದುರಾಗಿ ಪೊಟರೆಯ ಬಾಯಿ ನೋಡುತ್ತಿರಬೇಕು. ಮಾತು, ದೀಪ ಇಲ್ಲ. ಕತ್ತಲಾಗುತ್ತಿದ್ದಂತೆ ಹೊರಬರುವುದು ಕೆಲವೇ ಕ್ಷಣ ಕಾಣುತ್ತದೆ, ತಲೆ ತಗ್ಗಿಸಿದರೆ ತಪ್ಪಿತು.

ಈಗ ಹೆಚ್ಚು ಬಳಕೆಯಲ್ಲಿರುವುದು ಮರದ ಮೇಲಿನ ಕ್ಯಾಮೆರಾ. ನಡುಎತ್ತರದ ಕೊಂಬೆಗೆ ಜೇನುತುಪ್ಪ ತುಂಬಿದ ಡಬ್ಬಿ ಕಟ್ಟಿ, ಎದುರಿಗೆ ಕ್ಯಾಮೆರಾ ಇಟ್ಟು, ವಾರಗಟ್ಟಲೆ ಬಿಡುತ್ತಾರೆ. ಎದುರಿನ ಎಲೆ ಗಾಳಿಗೆ ಅಲ್ಲಾಡಿದರೆ ಸಾವಿರಾರು ಖಾಲಿ ಫೋಟೊ ತುಂಬಿ ಮೆಮೊರಿ ಕಾರ್ಡು ಮುಗಿಯುತ್ತದೆ, ಹಾಗಾಗಿ ಮೊದಲೇ ಸವರಬೇಕು. ಜೇನಿಗೆ ಗ್ಲೈಡರ್‌ಗಳೂ ಬರುತ್ತವೆ, ಗುರುತು ತಪ್ಪುವುದು ಇಲ್ಲೇ.

ನೋಡಲು ಹೋಗಬಹುದೇ? ಕೆಲಸಕ್ಕೆ ಸೇರಬಹುದೇ?

ಹೀಲ್ಸ್‌ವಿಲ್ ಸ್ಯಾಂಕ್ಚುಅರಿಗೆ ಹೋಗುವುದೇ ಸುಲಭದ ದಾರಿ. ಹಕ್ಕಿಗಾಗಿ 1989ರಲ್ಲಿ ಹುಟ್ಟಿದ ಸ್ವಯಂಸೇವಕರ ಸಂಘ ನರ್ಸರಿ ನಡೆಸುತ್ತದೆ, ಗಿಡ ಬೆಳೆಸುತ್ತದೆ, ನೆಡುತ್ತದೆ. ನೆಡುವಾಗ ಅನುಭವಿಗಳು ಬಿಡದೆ ಹೇಳುವ ಮಾತುಗಳು ಇವು: ಬೀಜ ಸ್ಥಳೀಯವಾಗಿರಲಿ, ಮೊದಲು ಬೇಲಿ, ಆಮೇಲೆ ಗಿಡ, ಏಕೆಂದರೆ ದನ, ಮೊಲ, ಸಾಂಬಾರ್ ಜಿಂಕೆ ಒಂದೇ ರಾತ್ರಿಯಲ್ಲಿ ಚಿಗುರು ಮುಗಿಸುತ್ತವೆ, ಸಾಲು ಹಿಡಿದು ನೆಡದೆ ಪೊದೆಗಳನ್ನು ಒತ್ತಾಗಿ ಗುಂಪುಗುಂಪಾಗಿ ನೆಡಿ, ಗೂಡಿಗೆ ಮರೆ ಬೇಕು, ನಡುನಡುವೆ ವಾಟಲ್ ಇರಲಿ. ಹಕ್ಕಿಗೆಂದೇ ನೆಟ್ಟ ಕಡೆ ವಾಟಲ್ ಮರೆತರೆ ಮುಂದೊಂದು ದಿನ ಪಾಸಮ್‌ಗೆ ಆ ಜಾಗ ಉಪವಾಸ.

2024ರಿಂದ ವಿಕ್ಟೋರಿಯಾದಲ್ಲಿ ನೈಸರ್ಗಿಕ ಕಾಡಿನ ಮರ ಕಡಿತ ನಿಂತಿದೆಯಲ್ಲ, ಸಮಸ್ಯೆ ಮುಗಿದಂತೆಯೇ?

2024ರ ಜನವರಿ 1ರಿಂದ ರಾಜ್ಯದ ಕಾಡುಗಳಲ್ಲಿ ನಾಟಾ ಉದ್ದಿಮೆಯ ಕಡಿತ ನಿಂತದ್ದು ಬೆಟ್ಟದ ಪಾಸಮ್‌ಗೆ ದೊಡ್ಡ ಸಮಾಧಾನ. ಅದಕ್ಕೂ ಮೊದಲು ಪಾಸಮ್ ಕಂಡ ಜಾಗದ ಸುತ್ತ 200 ಮೀಟರ್ ತ್ರಿಜ್ಯ ಮಾತ್ರ ಬಿಟ್ಟು ಕಡಿಯುತ್ತಿದ್ದರು. ಆದರೆ ಕಡಿದು ಬೆಳೆದ ಎಳೆಗಾಡು ಪೊಟರೆ ಕೊಡಲು ಇನ್ನೊಂದು ಶತಮಾನ ಬೇಕು, ಬೆಂಕಿಗೆ ಕಾನೂನು ಗೊತ್ತಿಲ್ಲ. ಯೆಲ್ಲಿಂಗ್‌ಬೊದಲ್ಲಂತೂ ನಾಟಾಕ್ಕೆಂದು ಎತ್ತಿದ ಕೊಡಲಿ ಕಾರಣವೇ ಆಗಿರಲಿಲ್ಲ. ಅಲ್ಲಿ ನೀರಿನದೇ ತಂಟೆ, ಕಡಿತ ನಿಂತರೂ ಅದು ಹಾಗೇ ಇದೆ.

ಹಣ ಒಂದಕ್ಕೇ ಸಾಲುವಷ್ಟಿದ್ದರೆ ಯಾವುದಕ್ಕೆ ಕೊಡಬೇಕು?

ವಂಶವೃಕ್ಷದ ಲೆಕ್ಕದಲ್ಲಿ ಪಾಸಮ್ ಮುಂದೆ: ಅದು ಹೋದರೆ ಒಂದು ಕುಲವೇ ಹೋಗುತ್ತದೆ, ಹಕ್ಕಿ ಹೋದರೆ ಉಪಪ್ರಭೇದ. ಫಲದ ಲೆಕ್ಕದಲ್ಲಿ ಹಕ್ಕಿ ಮುಂದೆ: ಖರ್ಚಿಗೆ ತಕ್ಕಂತೆ ಸಂಖ್ಯೆ ಏರಿದೆ. ಯೆಲ್ಲಿಂಗ್‌ಬೊದ ಮಟ್ಟಿಗೆ ಈ ಪ್ರಶ್ನೆಯೇ ಅಡ್ಡದಾರಿ ಹಿಡಿಸುತ್ತದೆ. ಅಲ್ಲಿ ಮೊದಲ ಹಣ ದಂಡೆ ಒಡೆದು ನೀರು ಹರಡಿಸುವುದಕ್ಕೆ, ಎರಡನೆಯದು ಬೇಲಿಗೆ. ಪೆಟ್ಟಿಗೆಗಳಿಗೆ ಮೂರನೆಯದು, ಮತ್ತು ಆ ಪಾಲಿನಲ್ಲಿ ಏಣಿ ಹತ್ತುವವರ ಕೂಲಿಯೂ ಸೇರಿರಬೇಕು.